ಪಕ್ಕದ ಕೋಶಗಳನ್ನು ಎಣಿಸಿದ ಮಹಾನಂದ

ಯಾರಾದರೂ ಏನನ್ನಾದರೂ ಖಚಿತವಾಗಿ ಹೇಳಿದರೆ ಸಾಕು, ಮಹಾನಂದ ಅವರು ಬಲ ಹುಬ್ಬನ್ನು ಕೊಂಚ ಮೇಲೆತ್ತಿ, "ನೋಡಿದ್ದಾ, ಕೇಳಿದ್ದಾ?" ಎಂದುಬಿಡುತ್ತಾರೆ. ಸೊಪ್ಪಿನವಳು ಬೆಳಗ್ಗೆ ತಾನೇ ಕಿತ್ತದ್ದು ಎಂದರೂ ಅದೇ ಪ್ರಶ್ನೆ. ಪಕ್ಕದ ಮನೆಯವನಾದ ನಾನು ಚಾಮರಾಜಪೇಟೆಯ ನಮ್ಮ ರಸ್ತೆಯನ್ನು ಮತ್ತೆ ಅಗೆಯುತ್ತಾರಂತೆ ಎಂದರೂ ಅದೇ ಪ್ರಶ್ನೆ. ಅದರಲ್ಲಿ ವ್ಯಂಗ್ಯದ ಲೇಶವೂ ಇರುವುದಿಲ್ಲ. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿರುತ್ತದೆ.

ತರಗುಪೇಟೆಯಲ್ಲಿ ಬೇಳೆಕಾಳುಗಳ ಸಗಟು ವ್ಯಾಪಾರ ಮಾಡುತ್ತಿದ್ದ ಶಿವರುದ್ರಪ್ಪನವರ ಒಬ್ಬಳೇ ಮಗಳು ಆಕೆ. ಮೂಟೆಯ ಬಾಯಲ್ಲಿ ಕಾಣುವ ಕಾಳನ್ನು ನಂಬದೆ ಮೊಣಕೈವರೆಗೆ ಕೈ ಇಳಿಸಿ ತಳದ ಕಾಳನ್ನು ಎತ್ತಿ ನೋಡುವುದು ತಂದೆಯ ಪದ್ಧತಿ. ಮಗಳು ವ್ಯಾಪಾರ ಬಿಟ್ಟು ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಎಚ್‌ಐವಿಯ ಅಧ್ಯಯನಕ್ಕೆ ಇಪ್ಪತ್ತೆಂಟು ವರ್ಷ ಕೊಟ್ಟರು. ಹಣೆಯಲ್ಲಿ ವಿಭೂತಿಯ ತೆಳುಗೆರೆ, ತುಸು ಮುಂದಕ್ಕೆ ಬಾಗಿದ ಅವಸರದ ನಡಿಗೆ, ಏಪ್ರಿಲ್‌ನ ಸೆಕೆಯಲ್ಲೂ ಮೈಬಿಡದ, ಮೊಣಕೈಗೆ ತೇಪೆ ಹಚ್ಚಿದ ಕಂದು ಸ್ವೆಟರು. ಲ್ಯಾಬಿನ ಚಳಿ ಮೂಳೆಗೆ ಇಳಿದುಬಿಟ್ಟಿದೆ ಎನ್ನುತ್ತಾರೆ.

ಇನ್ನೊಂದು ಹಠವೂ ಅವರಿಗಿತ್ತು. ಸಂಶೋಧನೆಗೆ ಬೇಕಾದ ರಕ್ತವನ್ನು ಆಸ್ಪತ್ರೆಯಿಂದ ತರಿಸಿಕೊಳ್ಳದೆ ಪ್ರತಿ ಮಂಗಳವಾರ ಸ್ವತಃ ಹೋಗಿ, ಕೊಡಲೊಪ್ಪಿದ ರೋಗಿಗಳಿಗೆ ಕೈಮುಗಿದು ತರುತ್ತಿದ್ದರು. "ಯಾರ ರಕ್ತ ಅಂತ ಗೊತ್ತಿಲ್ದೆ ಅದನ್ನ ಹೇಗೆ ಮುಟ್ಟೋದು?" ಎನ್ನುತ್ತಿದ್ದರು.

ಹಾಗೆ ತಂದ ರಕ್ತದಲ್ಲೇ ಅವರಿಗೆ ಆ ಸೋಜಿಗ ಕಂಡದ್ದು. ವೈರಸ್ಸು, ರೋಗಗಳೊಡನೆ ಹೋರಾಡುವ ರಕ್ಷಣಾಕೋಶದೊಳಕ್ಕೆ ಹೊಕ್ಕು, ಅಲ್ಲಿ ಬೆಳೆದು, ಅದನ್ನು ಕೊಲ್ಲುತ್ತದೆಂಬುದು ಪ್ರಯೋಗಾಲಯದ ಮುಖ್ಯಸ್ಥರಾದ ರಾಮಾನುಜ ಅವರ ದೃಢವಾದ ನಿಲುವು. ಆದರೆ ಮಹಾನಂದ ಅವರು ಸತ್ತ ಕೋಶಗಳಿಗೆ ವೈರಸ್ಸನ್ನು ಎತ್ತಿ ತೋರಿಸುವ ಬಣ್ಣ ಹಾಕಿ ಒಂದೊಂದಾಗಿ ಪರೀಕ್ಷಿಸಿದಾಗ ಹೆಚ್ಚಿನವುಗಳ ಒಳಗೆ ವೈರಸ್ಸೇ ಇರಲಿಲ್ಲ.

"ಬಣ್ಣ ಸರಿಯಾಗಿ ಹಿಡಿದಿಲ್ಲ ಮಹಾನಂದ, ಬಿಟ್ಬಿಡಿ," ಎಂದರು ರಾಮಾನುಜ.

ಮಹಾನಂದ ಬಿಡಲಿಲ್ಲ. ಹೊರದೇಶಗಳಲ್ಲಿ ಕೆಲವರು ಇಂಥದ್ದೇ ಸುಳಿವು ಹಿಡಿದಿದ್ದರು. ನಮ್ಮ ಊರಿನ ರೋಗಿಗಳ ವೈರಸ್ಸೂ ಹೀಗೇ ನಡೆದುಕೊಳ್ಳುತ್ತದೆಯೇ ಎಂದು ಆ ಲ್ಯಾಬಿನಲ್ಲಿ ಯಾರೂ ನೋಡಿರಲಿಲ್ಲ. ವೈರಸ್ಸಿನ ಹೊರಮೈಯಲ್ಲಿ ಮುಳ್ಳುಗಳಂಥ ಪ್ರೋಟೀನುಗಳಿವೆ. ಸೋಂಕು ತಗುಲಿದ ಕೋಶವೂ ಅದೇ ಮುಳ್ಳುಗಳನ್ನು ತನ್ನ ಮೈಮೇಲೆ ತಳೆಯುತ್ತದೆ. ಮಹಾನಂದ ಅವರು ವೈರಸ್ಸನ್ನು ಪೂರ್ತಿ ಹೊರಗಿಟ್ಟು, ಲ್ಯಾಬಿನಲ್ಲಿ ಬರೀ ಆ ಮುಳ್ಳುಗಳಷ್ಟೇ ಮೂಡುವಂತೆ ಮಾಡಿದ ಕೋಶಗಳ ಪಕ್ಕ ಆರೋಗ್ಯವಂತ ಕೋಶಗಳನ್ನು ಇಟ್ಟರು. ಮುಳ್ಳು ತಗುಲಿತು, ಎರಡರ ಪೊರೆಗಳು ಬೆಸೆಯತೊಡಗಿದವು, ಆರೋಗ್ಯವಂತ ಕೋಶ ತಾನಾಗಿ ಕುಗ್ಗಿ ಸತ್ತಿತು. ಆ ಬೆಸುಗೆಯನ್ನು ತಡೆಯುವ ಔಷಧ ಹಾಕಿದಾಗ ಬದುಕಿತು. ವರ್ಷವಿಡೀ, ಮೂವತ್ತೇಳು ಬಾರಿ, ಅದೇ ಫಲ.

ಮಹಾನಂದ ಇದನ್ನು ಮಂಡಿಸಿದ ಸಂಶೋಧಕರ ಸಭೆಯಲ್ಲಿ ರಾಮಾನುಜ ಎದ್ದು ನಿಂತರು. ಎಲ್ಲರೂ ಆಕ್ಷೇಪಣೆಯನ್ನೇ ನಿರೀಕ್ಷಿಸಿದ್ದರು. "ಒಂದು ವರ್ಷ ನಾನ್ ಇವರನ್ನ ತಡೆದೆ, ಇವರು ತಡ್ಕೊಂಡ್ರು. ತಪ್ಪು ನಂದು," ಎಂದು ಕುಳಿತರು. ಆ ಸಂಜೆ ಮಹಾನಂದ ಅವರು ಕಾಂಪೌಂಡಿನಾಚೆಯಿಂದಲೇ ನನಗೆ ಸುದ್ದಿ ಹೇಳಿ, "ಹೆಮ್ಮೆ ಆಗ್ತಿದೆ ಕಣ್ರೀ, ಸುಳ್ ಯಾಕ್ ಹೇಳ್ಲಿ," ಎಂದು ಮಗುವಿನಂತೆ ನಕ್ಕರು.

ಅದಕ್ಕಿಂತ ದೊಡ್ಡ ಪ್ರಸಂಗವೊಂದನ್ನು ನನಗೆ ಹೇಳಿದವರು ಬಿನ್ನಿಪೇಟೆಯಲ್ಲಿ ರೊಟ್ಟಿ ಮಾಡಿ ಮಾರುವ ಗುರುಬಸಮ್ಮ. ಹೆಸರು ಬದಲಿಸಿದ್ದೇನೆ, ಬರೆಯಲು ಅವರೇ ಒಪ್ಪಿದ್ದಾರೆ. ಗಂಡನಿಂದ ಬಂದ ಸೋಂಕು. ಗಂಡ ತೀರಿಕೊಂಡ ಮೇಲೆ ಆಕೆ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಒಂದು ಮಂಗಳವಾರ ಆಸ್ಪತ್ರೆಯ ಬೆಂಚಿನ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದವರ ಪಕ್ಕ ಮಹಾನಂದ ಹೋಗಿ ಕುಳಿತರು.

"ನನ್ ರಕ್ತ ಎಲ್ಲಾ ಕೆಟ್ಟೋಗಿದೆ ಮೇಡಂ. ಇನ್ನು ಮಾತ್ರೆ ನುಂಗಿ ಏನ್ ಮಾಡ್ಲಿ?"

"ಎಲ್ಲಾ ಕೆಟ್ಟಿಲ್ಲ ಗುರುಬಸಮ್ಮ. ಸೋಂಕು ಹತ್ತಿರೋ ಕೋಶಗಳು ಸ್ವಲ್ಪಾನೇ. ಅವುಗಳ ಮೈಮೇಲಿನ ಮುಳ್ಳು ತಾಗಿ ಪಕ್ಕದಲ್ಲಿರೋ ಒಳ್ಳೇವೂ ಸಾಯ್ತಾ ಇವೆ. ಮಾತ್ರೆ ತಗೊಂಡ್ರೆ ಹೊಸದಾಗಿ ಹತ್ತೋದು ನಿಲ್ಲುತ್ತೆ, ಮುಳ್ಳು ಕಮ್ಮಿ ಆಗುತ್ತೆ, ಒಳ್ಳೇವು ಉಳ್ಕೊತವೆ."

ಗುರುಬಸಮ್ಮ ಸೆರಗು ಸರಿಸಿದರು. "ಹಂಗಾದ್ರೆ ನನ್ನೊಳಗೆ ಚೆನ್ನಾಗಿರೋವೂ ಇದಾವಾ?"

"ಜಾಸ್ತಿ ಅವೇ ಇರೋದು. ನಾನು ಎಣಿಸಿದೀನಿ."

ಅಂದೇ ಮಾತ್ರೆ ಮತ್ತೆ ಶುರುವಾಯಿತು. ಆರೋಗ್ಯವಂತರಲ್ಲಿ ಐನೂರಕ್ಕೂ ಮೇಲಿರುವ, ಆಕೆಯಲ್ಲಿ ತೊಂಬತ್ತಕ್ಕೆ ಇಳಿದಿದ್ದ ರಕ್ಷಣಾಕೋಶಗಳ ಲೆಕ್ಕ ಎರಡು ವರ್ಷದಲ್ಲಿ ನಾನ್ನೂರು ದಾಟಿತು. ಆ ವರದಿಯನ್ನು ಹಿಡಿದು ಗುರುಬಸಮ್ಮ ನಮ್ಮ ಬೀದಿಗೆ ಬಂದ ದಿನ ಮಹಾನಂದ ಅವರು ಅದನ್ನು ನನ್ನ ಕೈಗಿತ್ತು, ಓದಿ ಎಂದು ಎರಡು ಸಲ ಹೇಳಿದರು. ಅವರ ಪ್ರಬಂಧ ಅಚ್ಚಾದಾಗಲೂ ಹಾಗೆ ಹೇಳಿರಲಿಲ್ಲ.

ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರಿರುತ್ತಾರೆ. ಸಾವಿನ ಕಾರಣವನ್ನು ತಿಳಿದೇ ತೀರಬೇಕೆಂಬ ಅವರ ಹಠ ಹುಟ್ಟುವುದು ಬದುಕಿನ ಮೇಲಿನ ಅಕ್ಕರೆಯಿಂದ. ಆದ್ದರಿಂದಲೇ ಕಂಡುಕೊಂಡದ್ದನ್ನು ಲೋಕ ಒಪ್ಪಿದ ದಿನ ಅವರ ಕೆಲಸ ಮುಗಿಯುವುದಿಲ್ಲ, ಭಯದಿಂದ ಕುಸಿದು ಕೂತ ಒಬ್ಬರು ಅದನ್ನು ಕೇಳಿ ಎದ್ದು ಮನೆಗೆ ನಡೆದ ದಿನ ಮುಗಿಯುತ್ತದೆ.