ಕರಗಿಹೋದ ಹೆಗಲ ಮೂಳೆ

ಕುದಿಯುವ ಪಾತ್ರೆಯ ಅಂಚಿಗೆ ಎಲುಬೊಂದು ಬಡಿದು ಟಿಕ್ ಎಂದಿತು. ಸರಿರಾತ್ರಿಯಾದ್ದರಿಂದ ಅಷ್ಟು ಸಣ್ಣ ಸದ್ದಿಗೂ ಪೊಲೀಸ್ ಸಾಹೇಬ ಬೆಚ್ಚಿದ.

"ಏನೇ ಅದು?"

"ಮೂಳೆ, ಸಾಹೇಬ್ರೆ. ಕುದಿಯುವಾಗ ಮಾತಾಡ್ತವೆ."

"ಸತ್ತ ಮೇಲೂ ಬಾಯಿ ಮುಚ್ಚಲ್ವಲ್ಲ, ಬೋಳಿಮಕ್ಳು!"

ಪ್ರೊಫೆಸರ್ ನಕ್ಕರು. ಆ ಪ್ರಯೋಗಾಲಯಕ್ಕೆ ಬರುವ ಎಲುಬುಗಳಿಂದ ಮಾಂಸ ಬಿಡಿಸಿ, ಕುದಿಸಿ, ಉಜ್ಜಿ, ಒಣಗಿಸುವ ಹೆಂಗಸು ನಗಲಿಲ್ಲ. ಎಲ್ಲರೂ ಅವಳನ್ನು ಮೂಳೆಯಕ್ಕ ಎನ್ನುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಆ ಹೆಸರಿನಿಂದ 'ಅಕ್ಕ' ಉದುರಿಹೋಗುತ್ತಿತ್ತು. "ಏ, ಆ ಕಡೆ ಕೂತ್ಕೋ."

ಮೇಜಿನ ಮೇಲೆ ಒಂದು ಹೆಗಲ ಮೂಳೆ ಒಣಗುತ್ತಿತ್ತು. ಅಂಚಿನಲ್ಲಿ ಅವಳೇ ಶಾಯಿಯಿಂದ ಕೇಸಿನ ನಂಬರು ಬರೆದಿದ್ದಳು. ಕಲ್ಲುಗಣಿಯ ಗೇಟಿನ ಮುಂದೆ ಕುಡಿಯುವ ನೀರು ಕೇಳಿದ ಕೂಲಿಗಳ ಮೇಲೆ ಈ ಸಾಹೇಬನೇ ಗುಂಡು ಹಾರಿಸಿದ್ದ; ಒಬ್ಬ ಹುಡುಗ ಸತ್ತಿದ್ದ. ಕಲ್ಲು ಹಿಡಿದು ಮೈಮೇಲೆ ಬಂದ, ಎದೆಗೆ ಹೊಡೆದೆ ಎಂದಿದ್ದ. ಮೂಳೆ ಬೇರೆಯೇ ಹೇಳುತ್ತಿತ್ತು. ಬೆನ್ನಿನ ಕಡೆ ತೂತು ಸಣ್ಣಗೆ, ದುಂಡಗೆ. ಎದೆಯ ಕಡೆ ಅಗಲವಾಗಿ ಚಕ್ಕೆ ಎದ್ದಿತ್ತು. ಹುಡುಗ ಓಡುತ್ತಿದ್ದ.

ಅವನ ತಾಯಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. "ನನ್ ಮಗ ಪುಂಡ ಅಲ್ಲ ಕಣಕ್ಕ. ಅಷ್ಟು ಅವರ ಬಾಯಲ್ಲಿ ಬಂದ್ರೆ ಸಾಕು" ಎಂದಿದ್ದಳು.

'ಮೂಳೆ ಸುಳ್ಳು ಹೇಳುವುದಿಲ್ಲ' ಎಂಬ ಗೋಡೆಯ ಫಲಕದ ಕೆಳಗೇ ನಿಂತು ಪ್ರೊಫೆಸರ್ ಹೇಳಿದರು: "ಇದನ್ನ ಇನ್ನೊಂದ್ಸಲ ಕುದಿಸು. ಸೋಡಾ ಜಾಸ್ತಿ ಹಾಕು."

"ಪುಡಿಯಾಗುತ್ತೆ ಸರ್."

"ಆಗ್ಲಿ. ನೀನು ನಿದ್ದೆ ಹೋಗ್ಬಿಟ್ಟೆ."

"ನಂಗೆ ನಿದ್ದೆ ಬಂದಿಲ್ಲ ಸರ್."

"ಬರುತ್ತೆ," ಎಂದ ಸಾಹೇಬ. "ಬರದಿದ್ರೆ ನಾನೇ ಮಲಗಿಸ್ತೀನಿ."

ಇಬ್ಬರೂ ಚಹಾ ಕುಡಿಯಲು ಹೋದರು. ವಿದ್ಯಾರ್ಥಿಗಳು ಗುಂಡು ಹೊಡೆದು ಗಾಯ ಕಲಿಯಲೆಂದು ಫ್ರಿಜ್ಜಿನಲ್ಲಿ ಹಂದಿಯ ಹೆಗಲ ಮೂಳೆಯೊಂದಿತ್ತು. ಮೂಳೆಯಕ್ಕ ಅದನ್ನು ಹೊರಗೆ ತೆಗೆದಳು.

ಬೆಳಿಗ್ಗೆ ಪ್ರೊಫೆಸರ್ ಮೂಗಿಗೆ ಕರವಸ್ತ್ರ ಹಿಡಿದು ಪಾತ್ರೆಗೆ ಇಣುಕಿದರು. ತಳದಲ್ಲಿ ಬೂದುಬಣ್ಣದ ಚೂರುಗಳು. "ಪಾಪ, ಎಳೇ ಪ್ರಾಯ," ಎಂದು ನಿಟ್ಟುಸಿರು ಬಿಟ್ಟು, ಮೃತನ ಮೂಳೆ ಕೆಲಸದವಳ ಅಜಾಗರೂಕತೆಯಿಂದ ನಾಶವಾಯಿತೆಂದು ರುಜು ಹಾಕಿದರು. ಸಾಹೇಬ ಹಂದಿಯ ಗಂಜಿಗೆ ಟೋಪಿ ತೆಗೆದ.

"ನಾಳೆಯಿಂದ ಬರ್ಬೇಡ ನೀನು, ನಿದ್ದೆಬುರುಕಿ," ಎಂದರು ಪ್ರೊಫೆಸರ್.

"ಇವತ್ತು ಹುಡುಗರ ಪರೀಕ್ಷೆ ಇದೆಯಲ್ಲ ಸರ್. ಮೇಜಿನ ಮೇಲೆ ಮೂಳೆ ಯಾರು ಜೋಡಿಸ್ತಾರೆ?"

ಪ್ರೊಫೆಸರ್ ಎಂದೂ ಮೂಳೆ ಮುಟ್ಟಿದವರಲ್ಲ. "ಜೋಡಿಸಿಟ್ಟು ಹೋಗು."

ಜೋಡಿಸಿದಳು.

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿಯ ಮುಂದೆ ಒಬ್ಬ ಹುಡುಗಿ ಹೆಗಲ ಮೂಳೆ ಎತ್ತಿಕೊಂಡಳು. "ಗುಂಡು ಹಿಂದಿನಿಂದ ಹೊಕ್ಕಿದೆ ಮೇಡಂ. ಬೆನ್ನಿಗೆ ಹೊಡೆದಿದ್ದಾರೆ."

"ಹೇಗೆ ಹೇಳ್ತೀಯ?"

"ಹೊಕ್ಕ ಕಡೆ ತೂತು ಸಣ್ಣದು, ಹೊರಟ ಕಡೆ ಚಕ್ಕೆ ಎದ್ದಿರುತ್ತೆ. ನಮ್ ಸರ್ರೇ ಹೇಳ್ಕೊಟ್ಟಿದ್ದು."

"ಬಹಳ ಚೆನ್ನಾಗಿ ಕಲಿಸಿದೀರಿ ಪ್ರೊಫೆಸರೇ!" ಪರೀಕ್ಷಕಿ ಮೊಬೈಲಿನಲ್ಲಿ ಫೋಟೋ ತೆಗೆದರು, ಅಂಚಿನ ನಂಬರನ್ನು ಗಟ್ಟಿಯಾಗಿ ಓದಿದರು. "ಇದು ಯಾವ ಕೇಸು?"

ಪ್ರೊಫೆಸರ್ ಬಾಗಿಲ ಕಡೆ ನೋಡಿದರು. ಮೂಳೆಯಕ್ಕ ಚೀಲ ಹೆಗಲಿಗೇರಿಸಿ ಹೊರಟಿದ್ದಳು.

ಮೆಟ್ಟಿಲ ಮೇಲೆ ತಾಯಿ ಕೇಳಿದಳು, "ಏನಂದ್ರಕ್ಕ ಒಳಗೆ?"

"ನಿನ್ ಮಗ ಪುಂಡ ಅಲ್ಲ ಅಂದ್ರು. ಅವರ ಬಾಯಲ್ಲೇ ಬಂತು. ಒಳಗೆ ಒಬ್ಬ ಮೇಡಂ ಇದಾರೆ, ಹೋಗಿ ಕೇಳು. ಏಳು."

ಒಳಗೆ ಪ್ರೊಫೆಸರ್ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದರು. ಹಂದಿಯ ಟ್ರೇ ಖಾಲಿ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು: ಸಾಹೇಬ.

"ಎಲ್ಲಾ ಮುಗೀತಲ್ಲ ಪ್ರೊಫೆಸರೇ?"

ತಾವು ರುಜು ಹಾಕಿದ್ದು ಯಾವ ಪ್ರಾಣಿಗೆಂದು ಹೆಂಡತಿಗೂ ಹೇಳಬಾರದೆಂದು ಅವರು ಆ ಕ್ಷಣವೇ ನಿರ್ಧರಿಸಿದರು.

"ಕರಗಿಹೋಯ್ತು ಸಾಹೇಬ್ರೆ," ಎಂದರು. "ಪೂರ್ತಿ."