ಹೆಪ್ಪಿನ ಕೂಗು

ನನ್ನ ಮಾವ ಶುರ್‌ಗೆ ಹೆದರದವರು ನಮ್ಮ ಕಣಿವೆಯಲ್ಲಿ ಯಾರೂ ಇಲ್ಲ. ಸೊಸೆಯಾಗಿ ಈ ಮನೆ ಸೇರಿ ಆರು ವರ್ಷವಾದರೂ ಅವರ ಬೂಟಿನ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ. ಅಂಥವರು ಸೊಂಟದ ಆಪರೇಷನ್ನಿಗೆ ಬೆರ್ಗನ್ ಪಟ್ಟಣಕ್ಕೆ ಹೊರಡುವಾಗ ಹೆಪ್ಪಿನ ಸೀಸೆಯನ್ನು ನನ್ನ ಕೈಯಲ್ಲಿಟ್ಟರು. ಬಿಯರು ಹುದುಗಿಸುವ ಹೆಪ್ಪು, ಒಣಗಿಸಿದ ಕಂದು ಚಕ್ಕೆಗಳು. ಅವರಮ್ಮನಿಂದ ಬಂದದ್ದು, ಅವರಮ್ಮನಿಗೆ ಅವರತ್ತೆಯಿಂದ.

"ಅರ್ಧ ಹಾಕು, ಅರ್ಧ ಎತ್ತಿಡು. ಇದು ಸತ್ರೆ ನಮ್ಮಮ್ಮ ಎರಡನೇ ಸಲ ಸತ್ತ ಹಾಗೆ. ತಿಳೀತಾ ಸಿನ್ನೋವೆ?"

ತಿಳಿಯದೆ ಏನು! ಇನ್ನು ಮೂರು ವಾರಕ್ಕೆ ನನ್ನ ಮಗಳು ಬೋರ್ಗ್ನಿಯ ನಾಮಕರಣ. ಮನೆಯ ಹೆಪ್ಪಿನಿಂದ ಮನೆಯಲ್ಲೇ ಮಾಡಿದ ಬಿಯರಿಲ್ಲದೆ ಇಲ್ಲಿ ಮಗುವಿಗೆ ಹೆಸರಿಡುವುದಿಲ್ಲ. ಗಂಡ ಸಮುದ್ರದಲ್ಲಿ ಎಣ್ಣೆ ಬಾವಿಯ ಕೆಲಸಕ್ಕೆ ಹೋಗಿದ್ದ. ಹೋಗುವ ಮುಂಚೆ ಕರೆಂಟಿನ ಹಂಡೆಯೊಂದನ್ನು ತಂದು ಕೊಟ್ಟಿದ್ದ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೆನೆಸುವುದು, ರಸ ಸೋಸುವುದು, ಕುದಿಸುವುದು, ಆರಿಸುವುದು ಎಲ್ಲ ಅದರೊಳಗೇ.

"ಕರೆಂಟ್ ಹಂಡೆಯಂತೆ! ನಾಳೆ ಮಗೂನೂ ಪ್ಲಗ್ಗಿಗೆ ಚುಚ್ಚಿ ಸಾಕ್ತೀರೇನೋ" ಎಂದು ಮಾವ ಮೂಗು ಮುರಿದಿದ್ದರು.

ರಸ ಸೋಸಿ ಬರಲೆಂದು ಮರದ ತೊಟ್ಟಿಯ ತಳಕ್ಕೆ ಜುನಿಪರ್ ಗಿಡದ ಕೊಂಬೆ ಹಾಸಿ ಅದರ ಮೇಲೆ ಮಾಲ್ಟ್ ಸುರಿಯುವುದು ಮಾವನ ಪದ್ಧತಿ. ಕೊಂಬೆ ಹಾಸದಿದ್ದರೆ ಬೈದಾರು ಎಂಬ ಹೆದರಿಕೆಗೆ ನಾನು ಉಕ್ಕಿನ ಹಂಡೆಯ ತಳಕ್ಕೂ ಹಾಸಿದೆ. ಅಲ್ಲೇ ನಾನು ಕೆಟ್ಟದ್ದು. ಕುದಿಯೆಲ್ಲ ಮುಗಿದು ಆರಿಸುವ ಹೊತ್ತಿಗೆ ಜುನಿಪರಿನ ಮೊನಚು ಎಲೆಗಳು ರಸ ತಿರುಗಿಸುವ ಪಂಪಿಗೆ ಸಿಕ್ಕಿ ಅದು ನರಳತೊಡಗಿತು. ಸುಟ್ಟುಹೋದೀತೆಂದು ಪಂಪನ್ನು ನಿಲ್ಲಿಸಿಬಿಟ್ಟೆ. ಹಂಡೆಯೊಳಗಿನ ಸುರುಳಿ ಕೊಳವೆಯಲ್ಲಿ ಮಾತ್ರ ಹಳ್ಳದ ತಣ್ಣೀರು ಹರಿಯುತ್ತಿತ್ತು. ಹಂಡೆಯ ಅಂಕಿ ಇಳಿದು ಇಳಿದು ಹೆಪ್ಪು ಹಾಕುವ ಹದಕ್ಕೆ, ಮೂವತ್ತೆಂಟು ಡಿಗ್ರಿಗೆ, ನಿಂತಿತು.

ಮಾವ ರಸಕ್ಕೆ ಮೊಣಕೈ ಅದ್ದಿ ಬಿಸಿ ನೋಡುತ್ತಾರೆ. ಹಂಡೆಯೇ ಅಂಕಿ ತೋರಿಸುವಾಗ ಮೊಣಕೈ ಯಾಕೆ ಎಂದುಕೊಂಡೆ. ಇನ್ನೊಂದು ಭಯ ಹಿಡಿಯಿತು: ಹಳೇ ಹೆಪ್ಪು, ಅರ್ಧ ಸಾಲದೆ ಹೋದರೆ? ನಾಮಕರಣಕ್ಕೆ ಬಿಯರೇ ಇಲ್ಲದಿದ್ದರೆ? ಸೀಸೆಯನ್ನು ಪೂರ್ತಿ ಬೋರಲು ಹಾಕಿದೆ. ಹೆಪ್ಪು ಬೀಳುವಾಗ ಗಂಟಲು ಹರಿಯುವಂತೆ ಕೂಗಬೇಕು, ಇಲ್ಲದಿದ್ದರೆ ಗುಡ್ಡದಡಿಯಲ್ಲಿ ಕಣ್ಣಿಗೆ ಕಾಣದೆ ಇರುವ ಜನ ಬಿಯರಿನ ಸತ್ವ ಕದಿಯುತ್ತಾರೆ. ಕೂಗಿದೆ. ತೊಟ್ಟಿಲಲ್ಲಿ ಬೋರ್ಗ್ನಿ ಬೆಚ್ಚಿ ಅತ್ತಳು.

ಉದ್ದದ ಮರದ ಸೌಟು ಹಾಕಿ ಕಲಕಿದೆ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಏನೋ ಅನುಮಾನವಾಗಿ ಮೊಣಕೈ ಅದ್ದಿದೆ.

ಅಯ್ಯಯ್ಯೋ! ಎರಡನೇ ಸಲ ಕೂಗಿದ್ದು ಸಂಪ್ರದಾಯಕ್ಕಲ್ಲ. ಚರ್ಮ ಸುಟ್ಟು ಕೆಂಪಾಯಿತು. ಪಂಪು ನಿಂತಿದ್ದರಿಂದ ತಣ್ಣಗಾದ ರಸವೆಲ್ಲ ತಳಕ್ಕಿಳಿದು ಕೊಂಬೆಗಳ ನಡುವೆ ಕೂತಿತ್ತು, ಬಿಸಿ ಅಳೆಯುವ ಕಡ್ಡಿ ಇದ್ದದ್ದೂ ಅಲ್ಲೇ. ಮೇಲಿನದೆಲ್ಲ ಬೇಯಿಸುವ ಬಿಸಿ. ನೂರು ವರ್ಷ ಬದುಕಿದ್ದನ್ನು ನಾನು ಒಂದು ನಿಮಿಷದಲ್ಲಿ ಬೇಯಿಸಿದ್ದೆ.

ಆದರೂ ಮನಸ್ಸು ಕೇಳಬೇಕಲ್ಲ! ರಸವನ್ನು ಪೂರ್ತಿ ಆರಿಸಿ ಕಾದೆ. ಬದುಕಿರುವ ಹೆಪ್ಪಾದರೆ ಎರಡು ಗಂಟೆಯಲ್ಲಿ ನೊರೆ ಏಳಬೇಕು, ಕಿತ್ತಳೆಯ ವಾಸನೆ ಬರಬೇಕು. ಮೂರು ಗಂಟೆಯಾಯಿತು, ಒಂದು ಗುಳ್ಳೆಯೂ ಏಳಲಿಲ್ಲ. ಆಗಲೇ ಫೋನು.

"ಕೂಗಿದ್ಯಾ?" ಮಾವ.

"ಕೂಗಿದೆ ಮಾವ."

"ಜೋರಾಗಿ?"

"ತುಂಬಾ ಜೋರಾಗಿ."

"ಅರ್ಧ ಎತ್ತಿಟ್ಟಿದ್ದೀಯಲ್ಲ?"

"ಹೂಂ" ಎಂದೆ. ಫೋನು ಇಟ್ಟು ಮಗುವನ್ನು ಅವುಚಿಕೊಂಡು ಅಡುಗೆಮನೆಯ ನೆಲದ ಮೇಲೆ ಕುಸಿದೆ. ಮಾವನ ಮುಂದೆ ನಿಂತು ಯಾವ ಬಾಯಲ್ಲಿ ಹೇಳಲಿ?

ಬಾಗಿಲು ಬಡಿದ ಸದ್ದಾಯಿತು. ಹಳ್ಳದಾಚೆಯ ಗುರೋ ಅಜ್ಜಿ. ಎಂಬತ್ತು ದಾಟಿದ ಜೀವ, ಏದುಸಿರು ಬಿಡುತ್ತ ನಿಂತಿದ್ದಳು.

"ಏನೇ ಹುಡುಗಿ, ಎರಡು ಸಲ ಕೂಗಿದೆ? ಒಂದು ಹೆಪ್ಪಿಗೆ. ಇನ್ನೊಂದು ಯಾಕೆ ಅಂತ ಆಗಿಂದ ಯೋಚಿಸ್ತಾ ಇದ್ದೆ."

ನಾನು ಸುಟ್ಟ ಮೊಣಕೈ ತೋರಿಸಿ ಗೊಳೋ ಎಂದು ಅತ್ತುಬಿಟ್ಟೆ.

"ಅಳ್ಬೇಡ, ಎದೆಹಾಲು ಬತ್ತೀತು" ಎಂದು ಅಜ್ಜಿ ಜೇಬಿನಿಂದ ಸೀಸೆಯೊಂದನ್ನು ತೆಗೆದಳು. "ನಾನು ಮದುವೆಯಾಗಿ ಬಂದಾಗ ನಿಮ್ಮ ಮಾವನ ಅಮ್ಮ ಕೊಟ್ಟಿದ್ದು. ಅದೇ ಹೆಪ್ಪು ಇದು. ಹೆಪ್ಪನ್ನ ಯಾರಾದ್ರೂ ಒಂದೇ ಮನೇಲಿ ಇಟ್ಕೊಳ್ತಾರೇನೇ, ಪೆದ್ದಿ?"

"ಮಾವನಿಗೆ ಗೊತ್ತಾದ್ರೆ..."

ಅಜ್ಜಿ ನಕ್ಕು ಸೀದಾ ಹಂಡೆಯ ಹತ್ತಿರ ಹೋದಳು. ಈ ಸಲ ಅವಳೇ ಮೊಣಕೈ ಅದ್ದಿ, ಹದ ಸರಿಯಿದೆಯೆಂದು ತಲೆಯಾಡಿಸಿದಳು. ನಾನು ಅರ್ಧ ಹಾಕಿ ಕೂಗಿದೆ, ಅರ್ಧ ಎತ್ತಿಟ್ಟೆ. ಸಂಜೆಯೊಳಗೆ ಕಿತ್ತಳೆಯ ವಾಸನೆ ಬಂತು. ಭಯ ಮಾತ್ರ ಹೋಗಲಿಲ್ಲ.

ನಾಮಕರಣದ ದಿನ ಮಾವ ಕೋಲೂರಿಕೊಂಡು ಬಂದು ಕೂತರು. ಮೊದಲ ಬಟ್ಟಲು ಅವರದು. ಕುಡಿದರು, ಬಾಯಲ್ಲೇ ಹಿಡಿದುಕೊಂಡರು, ನುಂಗಿದರು. ನೆಂಟರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು.

"ಅಮ್ಮಂದೇ" ಎಂದರು. ಎಲ್ಲರೂ ಬಟ್ಟಲು ಎತ್ತಿದರು. ಮಾವ ನನ್ನನ್ನು ಹತ್ತಿರ ಕರೆದು, ತೋಳಿನ ಬಟ್ಟೆ ಸರಿಸಿ ಸುಟ್ಟ ಕಲೆಯನ್ನು ನೋಡಿದರು.

"ಒಟ್ಟು ಎಷ್ಟು ಸಲ ಕೂಗಿದೆ?" ಪಿಸುಗುಟ್ಟಿದರು.

ಇನ್ನು ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ. "ಮೂರು ಸಲ, ಮಾವ."

ಅವರು ಗುರೋ ಅಜ್ಜಿಯ ಕಡೆ ಒಮ್ಮೆ ನೋಡಿ, ತಮ್ಮ ಅಂಗಿಯ ತೋಳು ಮಡಚಿದರು. ಮೊಣಕೈಯಲ್ಲಿ ಸುಟ್ಟ ಗಾಯದ ಹಳೆಯದೊಂದು ಬಿಳಿ ಕಲೆ.

"ನಾನೂ ಮೂರು" ಎಂದರು.