ಎದುರು ತಾರಸಿಯ ಆಂಟೆನಾ

ರಾಗಿಗುಡ್ಡದ ಏರಿನಲ್ಲಿ ಪುಷ್ಪಾಳ ಮನೆ. ಎದುರಿಗೇ ರಶ್ಮಿಯ ಮನೆ. ಇಬ್ಬರದೂ ಒಂದೇ ಕಸುಬು: ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು. ಬೆಳಗ್ಗೆ ಬಾಗಿಲಿಗೆ ನೀರು ಹಾಕುವಾಗ ಪುಷ್ಪಾ ಮೊದಲು ನೋಡುವುದು ಎದುರು ಅಂಗಳವನ್ನು. ರಶ್ಮಿಯ ದೊಡ್ಡ ಹಂಡೆಗಳು ಅಲ್ಲೇ ಬೋರಲು ಬಿದ್ದಿದ್ದರೆ ಆ ದಿನ ಪುಷ್ಪಾಳಿಗೆ ತಿಂಡಿ ರುಚಿ. ಹಂಡೆಗಳು ಗಾಡಿ ಹತ್ತಿ ಹೋಗಿದ್ದರೆ ಚಹಾ ಕೂಡ ಕಹಿ.

ಹಳ್ಳಿಗಳ ಕಡೆ ಮೊಬೈಲ್ ಕೈಕೊಡುತ್ತದೆಂದು ಎರಡೂ ಮನೆಯವರು ಮನೆಯಲ್ಲೊಂದು, ಟೆಂಪೋದಲ್ಲೊಂದು ಸಿಬಿ ರೇಡಿಯೊ ಇಟ್ಟುಕೊಂಡಿದ್ದರು. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಜನಸಾಮಾನ್ಯರಿಗೆಂದು ಬಿಟ್ಟಿರುವ ಕೆಲವು ಚಾನೆಲ್‌ಗಳಷ್ಟೇ ಅದರಲ್ಲಿ ಬರುತ್ತವೆ. ಆದರೆ ರಶ್ಮಿಯ ತಾರಸಿಯ ಮೇಲೆ ಎತ್ತರದ ಆಂಟೆನಾ ಬೇರೆ ಎದ್ದಿತ್ತು. ಒಳಗೆ ಇನ್ನೊಂದು ದೊಡ್ಡ ಸೆಟ್ ಬಂದಿತ್ತು. ಸಂಜೆ ಹೊತ್ತು ಅವಳು ಭದ್ರಾವತಿಯವರ ಜೊತೆ ನಗುನಗುತ್ತಾ ಮಾತಾಡುವುದು ಪುಷ್ಪಾಳ ಅಡುಗೆಮನೆಗೇ ಕೇಳುತ್ತಿತ್ತು.

“ನೋಡ್ರೀ, ಭದ್ರಾವತಿ ಮದುವೆಗಳೆಲ್ಲ ಅವಳ ಪಾಲು,” ಎಂದಳು ಗಂಡನಿಗೆ. “ನಮ್ಮ ರೇಡಿಯೊ ಡಬ್ಬ ಸವಳಂಗ ರಸ್ತೆ ದಾಟಲ್ಲ.”

“ಅವಳು ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡಿದಾಳೆ ಮಾರಾಯ್ತಿ,” ಎಂದ ಚಂದ್ರು. “ಹ್ಯಾಮ್ ರೇಡಿಯೊ ಅದು, ಹವ್ಯಾಸಕ್ಕೆ ಇರೋದು. ಅದರಲ್ಲಿ ವ್ಯಾಪಾರದ ಮಾತೇ ಆಡಂಗಿಲ್ಲ.”

“ಆಹಾ! ಆಡಂಗಿಲ್ಲ ಅಂತ ನಿಮ್ಮ ಹತ್ರ ಬಂದು ಹೇಳಿದ್ಲೇನೋ.”

ಚಂದ್ರು ಪೇಪರ್ ಎತ್ತಿ ಮುಖಕ್ಕೆ ಹಿಡಿದ. ರಶ್ಮಿಯ ಹೆಸರು ಬಂದರೆ ಆ ಮನೆಯಲ್ಲಿ ಅದೇ ಕ್ಷೇಮ.

ಮರುದಿನವೇ ಪುಷ್ಪಾ ರೇಡಿಯೊವನ್ನು ಚೀಲಕ್ಕೆ ಹಾಕಿಕೊಂಡು ಗಾಂಧಿ ಬಜಾರ್‌ಗೆ ಹೋದಳು. ರಿಪೇರಿ ಅಂಗಡಿಯ ನಾಗೇಶ್ ಸೆಟ್ ಬಿಚ್ಚಿ, ಒಳಗೆ ಏನೋ ಕತ್ತರಿಸಿ, ಏನೋ ಬೆಸೆದು, ಪಕ್ಕದಲ್ಲಿ ಹೊಸ ಸ್ವಿಚ್ ಕೂರಿಸಿದ. “ಇದನ್ನ ಮೇಲೆ ಮಾಡಿ ಅಕ್ಕಾ, ಬೇರೆಯವರ ಚಾನೆಲ್‌ಗೂ ಹೋಗ್ತೀರಿ. ಪವರ್ರೂ ಏರಿಸಿದೀನಿ. ಯಾರಿಗೂ ಹೇಳ್ಬೇಡಿ.”

ಯಾರಿಗೂ ಹೇಳಬೇಡಿ ಎಂದ ಕೆಲಸ ಬೀದಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ರಶ್ಮಿ ಅವಳನ್ನು ಅವಳ ಗೇಟಿನ ಹತ್ತಿರವೇ ತಡೆದಳು.

“ಪುಷ್ಪಕ್ಕ, ಅದನ್ನ ಹಾಕ್ಬೇಡಿ. ಹಂಗೆ ಕೊಯ್ದು ಬೇರೆ ಕಡೆ ಮಾತಾಡೋದು ಕಾನೂನಿಗೆ ವಿರುದ್ಧ. ಸೆಟ್ಟೂ ದಾರಿ ತಪ್ಪುತ್ತೆ. ನೀವು ಒಂದು ಕಡೆ ಮಾತಾಡಿದ್ರೆ ಪಕ್ಕದವರ ಕಿವಿಗೂ ಹೋಗಿ ಬೀಳುತ್ತೆ.”

“ಗಾಳಿ ಏನು ನಿಮ್ಮಪ್ಪನ ಆಸ್ತಿನಾ?”

“ನಮ್ಮಪ್ಪಂದೂ ಅಲ್ಲ, ನಿಮ್ಮಪ್ಪಂದೂ ಅಲ್ಲ. ಅದಕ್ಕೇ ಹೇಳಿದ್ದು. ಕೆರೆ ಅಂಗಳ ಯಾರದ್ದೂ ಅಲ್ಲ ಅಂತ ಬೇಲಿ ಹಾಕಿದವನ ಮುಂದೆ ಧರಣಿ ಕೂತಿದ್ದು ನೀವೇ ತಾನೆ? ಬೀದಿ ಸಂಘದವರ ಜೊತೆ ಕೂಗಿದ ಘೋಷಣೆ ಮರೆತುಹೋಯ್ತಾ?”

“ಲೈಸೆನ್ಸ್ ಇದೆ ಅಂತ ಪಾಠ ಹೇಳೋಕೆ ಬಂದುಬಿಟ್ಲು,” ಎಂದು ಪುಷ್ಪಾ ಗೇಟು ದಡಾರನೆ ಹಾಕಿದಳು.

ಆ ವಾರ ಮಳೆ ಬಿಡಲಿಲ್ಲ. ಅಣೆಕಟ್ಟೆಯಿಂದ ನೀರು ಬಿಟ್ಟರು. ಭದ್ರಾವತಿಯಲ್ಲಿ ಹೊಳೆ ಉಕ್ಕಿತು, ಕರೆಂಟು ಹೋಯಿತು, ಮೊಬೈಲ್ ಟವರ್‌ಗಳು ಸತ್ತವು. ಮಧ್ಯಾಹ್ನ ಚಂದ್ರು ಟೆಂಪೋಗೆ ಪಾತ್ರೆ ಏರಿಸುತ್ತಿದ್ದ.

“ಎಲ್ಲಿಗೆ?”

“ಇಲ್ಲೇ, ಸವಳಂಗ ರಸ್ತೆಗೆ. ಬೇಗ ಬರ್ತೀನಿ,” ಎಂದವನು ಅವಳ ಮುಖ ನೋಡದೆ ಗಾಡಿ ಬಿಟ್ಟ.

ಪುಷ್ಪಾ ಒಳಗೆ ಬಂದು ಹೊಸ ಸ್ವಿಚ್ ಮೇಲೆ ಮಾಡಿದಳು. ಸೆಟ್ಟನ್ನು ಬ್ಯಾಟರಿಗೆ ಹಾಕಿ ಚಾನೆಲ್ ತಿರುವುತ್ತಾ ಹೋದಳು. ಸಿಕ್ಕಿತು. ರಶ್ಮಿಯ ಗಂಟಲು! ದೂರದಿಂದ ಸಣ್ಣಗೆ ಭದ್ರಾವತಿಯ ಒಂದು ಗಂಡಸಿನ ದನಿ ಉತ್ತರ ಕೊಡುತ್ತಿತ್ತು.

“…ಕಲ್ಯಾಣ ಮಂಟಪಕ್ಕೇ ಬರಲಿ. ಮುನ್ನೂರು ಎಲೆ. ಅನ್ನ, ಸಾರು ಸಾಕು. ದೊಡ್ಡ ಪಾತ್ರೆ ಬೇಕೇ ಬೇಕು ಮೇಡಂ…”

ಮುನ್ನೂರು ಎಲೆ! ಪುಷ್ಪಾಳ ಎದೆ ಉರಿಯಿತು. ಪಾತ್ರೆ ಬಾಡಿಗೆಯವರ ಕಿವಿಯೇ ಅಂಥದ್ದು. ಎಲೆಯ ಲೆಕ್ಕ ಬಿದ್ದರೆ ಅದಕ್ಕೆ ಕಾಣುವುದು ಮದುವೆ ಚಪ್ಪರ ಒಂದೇ. ಆಷಾಢದಲ್ಲಿ, ಊರು ಮುಳುಗುತ್ತಿರುವಾಗ, ಬರೀ ಅನ್ನ ಸಾರಿನ ಮದುವೆ ಯಾರು ಮಾಡುತ್ತಾರೆ? ಅಸೂಯೆ ಪಟ್ಟವರಿಗೆ ಅಷ್ಟು ಯೋಚಿಸುವ ವ್ಯವಧಾನ ಎಲ್ಲಿ!

“ಹೆಂಗೆ ಮಾತಾಡ್ತೀಯೋ ನೋಡೇಬಿಡ್ತೀನಿ,” ಎಂದು ಗುಂಡಿ ಅದುಮಿ ಹಿಡಿದಳು. ಒಂದು ಹಾಡನ್ನೂ ಗುನುಗಿದಳು. ಬಿಟ್ಟಳು.

“ದೇವರಾಜ್ ಅವ್ರೇ, ನಿಮ್ಮ ಮಾತು ಬರ್ತಿಲ್ಲ, ಯಾರೋ ಮಧ್ಯ ಬೀಳ್ತಿದಾರೆ. ಇನ್ನೊಂದ್ಸಲ ಹೇಳಿ,” ಎಂದು ರಶ್ಮಿ ಕೂಗುತ್ತಿದ್ದಳು.

ಪುಷ್ಪಾ ನಕ್ಕಳು. ಮತ್ತೆ ಅದುಮಿದಳು. ಇನ್ನೂ ಹೆಚ್ಚು ಹೊತ್ತು. ಗುಂಡಿ ಬಿಟ್ಟರೂ ಕೊಯ್ದ ಸೆಟ್ ಎದುರು ಮನೆಯತ್ತ ಗೊರಗೊರ ಉಗುಳುತ್ತಲೇ ಇತ್ತು; ಅದರ ನಡುವೆ ಆ ಗಂಡಸಿನ ದನಿ ಒಡೆದು ಒಡೆದು ಬರುತ್ತಿತ್ತು.

“…ಸೇತುವೆ ಮೇಲೆ ನೀರು ಬಂದಿದೆ. ನಿರಾಶ್ರಿತರಿಗೆ ಅನ್ನ ಲೇಟಾದ್ರೂ ಪರವಾಗಿಲ್ಲ. ಚಂದ್ರಣ್ಣನ ಟೆಂಪೋನ ಆ ಕಡೆಯೇ ನಿಲ್ಸಿ. ಬೇಗ ಹೇಳಿ ಮೇಡಂ, ಕೇಳ್ತಿದೆಯಾ?”

“ಕೇಳ್ತಿಲ್ಲ ದೇವರಾಜ್ ಅವ್ರೇ, ಏನೂ ಕೇಳ್ತಿಲ್ಲ!”

ಚಂದ್ರಣ್ಣ! ಪುಷ್ಪಾ ಸೆಟ್ಟಿಗೆ ಬಾಗಿದಳು. ಸ್ವಿಚ್ ಕೆಳಗೆ ಮಾಡಿ, ಗಂಡನ ಗಾಡಿಯ ಹಳೇ ಚಾನೆಲ್‌ಗೆ ತಿರುಗಿಸಿದಳು. “ರೀ! ಸೇತುವೆ ಹತ್ರ ಹೋಗ್ಬೇಡಿ! ಕೇಳ್ತಾ ಇದೆಯಾ?” ಬರೀ ಗೊರಗೊರ. ನಾಗೇಶ್ ಕೊಯ್ದ ಮೇಲೆ ಆ ಸೆಟ್ ತನ್ನ ಸ್ವಂತ ಚಾನೆಲ್ಲಿನಲ್ಲೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಪರರ ಜಾಗಕ್ಕೆ ನುಗ್ಗಲು ಹೋಗಿ ಅವಳು ತನ್ನ ಜಾಗವನ್ನೂ ಕಳೆದುಕೊಂಡಿದ್ದಳು.

ಅವಳು ಮಳೆಯಲ್ಲೇ ಓಡಿದಳು. ತಾನು ದಡಾರನೆ ಹಾಕಿದ್ದ ಗೇಟನ್ನು ತಾನೇ ತಳ್ಳಿ, ಎದುರು ಮನೆಗೆ ನುಗ್ಗಿದಳು.

“ರಶ್ಮಿ, ಸೇತುವೆ ಮೇಲೆ ನೀರಂತೆ! ನಮ್ಮವರನ್ನ ತಡೀ!”

ರಶ್ಮಿ ಏನನ್ನೂ ಕೇಳಲಿಲ್ಲ. ಪಕ್ಕದಲ್ಲೇ ಇದ್ದ, ತಾರಸಿಯ ಮೇಲೆ ತನ್ನದೇ ಎತ್ತರದ ಆಂಟೆನಾ ಇದ್ದ ಸಿಬಿ ಸೆಟ್ಟಿನ ಗುಂಡಿ ಒತ್ತಿದಳು. “ಚಂದ್ರಣ್ಣ, ಸೇತುವೆಗೆ ಇಳೀಬೇಡಿ. ನಿಲ್ಸಿ!”

ಉತ್ತರವಿಲ್ಲ. ಮತ್ತೆ ಕೂಗಿದಳು. ಪುಷ್ಪಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಮೇಲೆ ಗೊರಗೊರದ ನಡುವೆ ಚಂದ್ರುವಿನ ದನಿ: “ಮುಂದಿನ ಚಕ್ರ ನೀರಿಗೆ ಇಳಿದುಬಿಟ್ಟಿದೆ… ಹಿಂದೆ ತೆಗೀತಿದೀನಿ… ಎಳೀತಿದೆ…” ಮತ್ತೆ ಬರೀ ಗೊರಗೊರ. ರಶ್ಮಿ ಪುಷ್ಪಾಳ ಒದ್ದೆ ಕೈ ಹಿಡಿದುಕೊಂಡಳು. ಕೊನೆಗೆ ಮತ್ತೆ ಚಂದ್ರುವಿನ ದನಿ: “ಬಂದೆ. ರಸ್ತೆ ಮೇಲೆ ಬಂದೆ. ಒಂದು ಹಂಡೆ ಹೊಳೆಪಾಲು.”

ಪುಷ್ಪಾ ಮೈಕ್ ಕಸಿದುಕೊಂಡಳು. “ಹಾಳಾಗೋಗ್ಲಿ ಹಂಡೆ! ಸವಳಂಗ ರಸ್ತೆ ಅಂತ ಸುಳ್ಳು ಯಾಕೆ ಹೇಳಿದ್ರಿ?”

“ಪುಷ್ಪಾನಾ? ನಿರಾಶ್ರಿತರಿಗೆ ಪಾತ್ರೆ ಬೇಕು ಅಂತ ರಶ್ಮಿ ಕೇಳಿದ್ಲು. ಅವಳ ಕೆಲಸಕ್ಕೆ ಹೋಗ್ತೀನಿ ಅಂದ್ರೆ ನೀನು ಬಿಡ್ತಿದ್ಯಾ? ಅಲ್ಲಾ, ನೀನು ಅವಳ ಮನೇಲಿ ಏನು ಮಾಡ್ತಿದೀಯ?”

ಪುಷ್ಪಾ ಮೈಕ್ ಕೆಳಗಿಟ್ಟು ರಶ್ಮಿಯತ್ತ ತಿರುಗಿದಳು. “ಮಧ್ಯ ಬಿದ್ದಿದ್ದು ನಾನೇ ಕಣೇ.”

“ಗೊತ್ತು. ಇಷ್ಟು ಹತ್ರದಿಂದ, ಇಷ್ಟು ಕೆಟ್ಟದಾಗಿ ಹಾಡೋರು ಇನ್ಯಾರಿದಾರೆ?” ರಶ್ಮಿಯ ಕಣ್ಣು ಕೆಂಪಾಗಿತ್ತು. “ಇವತ್ತು ಬೈಯೋಕೆ ಪುರುಸೊತ್ತಿಲ್ಲ. ಅಲ್ಲಿ ಜನ ಹಸಿದಿದಾರೆ. ನಾಳೆ ಬೈತೀನಿ.”

ಮರುದಿನ ಬೈದಳು ಕೂಡ, ಇಡೀ ಬೀದಿ ಕೇಳುವಂತೆ.

ಪುಷ್ಪಾ ಕೊಯ್ದ ಸೆಟ್ಟನ್ನು ಮೂಲೆಗೆ ಹಾಕಿದಳು. ಬದಲಿಗೆ ಸರ್ಕಾರದ ಒಪ್ಪಿಗೆ ಪಡೆದ ಸಿಬಿ ಸೆಟ್ ಬಂತು. ರಶ್ಮಿಯೇ ತಾರಸಿ ಹತ್ತಿ ಅದರ ಆಂಟೆನಾವನ್ನು ಎತ್ತರಕ್ಕೆ, ಸರಿಯಾಗಿ ಕಟ್ಟಿಕೊಟ್ಟಳು. ಅಷ್ಟಕ್ಕೇ ಚಂದ್ರುವಿನ ದನಿ ಊರಾಚೆಯಿಂದ ಸ್ಪಷ್ಟವಾಗಿ ಬಂತು. ಬೇಕಿದ್ದದ್ದು ಅಷ್ಟೇ. ಕತ್ತರಿ ಬೇಕಿರಲಿಲ್ಲ.

ಪುಷ್ಪಾಳ ಹೊಟ್ಟೆಕಿಚ್ಚು ಹೋಯಿತೆ? ಸುಳ್ಳು ಯಾಕೆ ಹೇಳಲಿ, ಇಲ್ಲ. ಈಗ ಅವಳು ಒಲೆಯ ಮುಂದೆ ಕೂತು ಹ್ಯಾಮ್ ಪರೀಕ್ಷೆಗೆ ಓದುತ್ತಾಳೆ. ಪಾಠ ಹೇಳುವವಳು ರಶ್ಮಿಯೇ.

“ನಿನಗಿಂತ ಒಂದು ಅಂಕ ಜಾಸ್ತಿ ತೆಗೀದಿದ್ರೆ ಕೇಳು.”

“ತೆಗೀರಿ ಪುಷ್ಪಕ್ಕ. ಮೊದಲು ಆ ಹಾಡು ನಿಲ್ಸಿ.”

ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಸಿಬಿ ರೇಡಿಯೊವನ್ನು ಕೊಯ್ಯಿಸಬೇಡಿ, ಪವರ್ ಏರಿಸಬೇಡಿ. ಹೆಚ್ಚು ದೂರ ಕೇಳಬೇಕೆಂದರೆ ಆಂಟೆನಾ ನೋಡಿ. ಹೆಚ್ಚಿನ ತರಂಗಗಳು ಬೇಕೆಂದರೆ ಪರೀಕ್ಷೆ ಬರೆದು ಪರವಾನಗಿ ಪಡೆಯಿರಿ. ಆ ಪರೀಕ್ಷೆ ನಮ್ಮ ಊರಿಗೆ, ನಮ್ಮ ಭಾಷೆಯಲ್ಲಿ ಬರಲಿ ಎಂದು ಸರ್ಕಾರವನ್ನು ಕೇಳಿ, ಬೀದಿಗಿಳಿದು ಕೇಳಿ. ಅದು ನಮ್ಮ ಹಕ್ಕು. ಆದರೆ ಎಲ್ಲರ ಗಾಳಿಗೆ ಕದ್ದು ಬೇಲಿ ಹಾಕುವುದು ಹಕ್ಕಲ್ಲ, ಒತ್ತುವರಿ. ಗುಂಡಿ ಒತ್ತುವ ಮುಂಚೆ ಒಂದು ಗಳಿಗೆ ಕಿವಿಗೊಡಿ. ಅಲ್ಲಿ ಯಾರೋ ನಿಮ್ಮ ಮನೆಯವರ ಹೆಸರನ್ನೇ ಹೇಳುತ್ತಿರಬಹುದು.